ಸಂಶೋಧನೆಯವರ ವಂಶವೃಕ್ಷದಲ್ಲಿ ಅತ್ತೆಯ ಆ ಮಗುವನ್ನು ಬರೆಸಬೇಕೇ?

ನಗರದ ಕಡೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯವಳು. ಚೊಚ್ಚಲ ಬಸಿರು, ಈಗ 22 ವಾರ. ಹೆರಿಗೆಯ ದಿನ ಜುಲೈನಲ್ಲಿ, ಸರಿಯಾಗಿ ಪುನರ್ವಸು ಮಳೆ ಹಿಡಿದಿರುವ ಹೊತ್ತಿಗೆ.

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಶಿವಮೊಗ್ಗಕ್ಕೆ ಹೋಗಿದ್ದೆವು. ತಲೆ, ಬೆನ್ನುಮೂಳೆ, ಕೈಕಾಲು ನೋಡುವಷ್ಟು ಹೊತ್ತೂ ಡಾಕ್ಟರು ಒಂದೊಂದನ್ನೇ ಹೆಸರಿಸಿ ತೋರಿಸುತ್ತಿದ್ದರು. ಎದೆಯ ಹತ್ತಿರ ಬಂದಾಗ ಅವರ ಮಾತು ನಿಂತಿತು. ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಹೊರಗೆ ಹೋಗಿ ಏನಾದರೂ ತಿಂದು ಸ್ವಲ್ಪ ಓಡಾಡಿ ಬನ್ನಿ ಎಂದರು. ಮತ್ತೆ ಮಲಗಿಸಿ ಅದೇ ಜಾಗವನ್ನು ನೋಡಿದರು. ಕೊನೆಗೆ, “ಹೃದಯದ ನಾಲ್ಕು ಕೋಣೆಗಳೂ ಸರಿಯಾಗಿಯೇ ಕಾಣುತ್ತಿವೆ. ಆದರೆ ರಕ್ತ ಹೊರಗೆ ಹೋಗುವ ನಾಳದ ಬಗ್ಗೆ ನನಗೆ ಸಮಾಧಾನವಿಲ್ಲ” ಎಂದು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಭ್ರೂಣದ ಎಕೋ (ಹೃದಯವನ್ನೇ ನೋಡುವ ಸ್ಕ್ಯಾನಿಂಗ್) ಮಾಡಿ ಟೆಟ್ರಾಲಜಿ ಆಫ್ ಫ್ಯಾಲೋ ಎಂದರು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದೆ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿದೆ, ಮಹಾಪಧಮನಿ ಆ ರಂಧ್ರದ ಮೇಲೆಯೇ ಬಂದು ಕುಳಿತಿದೆ. ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಬಹುದು ಎಂದಿದ್ದಾರೆ. ಮಗುವನ್ನು ಉಳಿಸಿಕೊಳ್ಳುತ್ತೇವೆ ಎಂದು ನಾವಿಬ್ಬರೂ ಅಲ್ಲಿಯೇ ತೀರ್ಮಾನಿಸಿದೆವು. ಅದರ ಬಗ್ಗೆ ಸಲಹೆ ಕೇಳುತ್ತಿಲ್ಲ.

ಎಕೋ ಮುಗಿದ ಮೇಲೆ ಸಂಶೋಧನೆಯವರು ಒಬ್ಬರು ಬಂದು ಕುಳಿತರು. ಹುಟ್ಟಿನಿಂದಲೇ ಬರುವ ಹೃದಯದ ತೊಂದರೆಗೆ ಕಾರಣ ಹುಡುಕುವ ಅಧ್ಯಯನವಂತೆ. ನಮ್ಮಿಬ್ಬರ ರಕ್ತ, ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತ, ಇಷ್ಟು ಬೇಕು ಎಂದರು. ಒಪ್ಪಿಗೆ ಪತ್ರವನ್ನು ಮನೆಗೆ ಕೊಂಡೊಯ್ದು ಓದಲು ಹೇಳಿದರು. ಅಲ್ಲಿಯೇ ವಂಶವೃಕ್ಷ ಬರೆದುಕೊಂಡರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಯಾಗಿ ಒಂದು ಗೆರೆ. ನನ್ನ ಗಂಡ ನನಗೆ ಸೋದರತ್ತೆಯ ಮಗ. ನಮ್ಮಿಬ್ಬರನ್ನು ಸೇರಿಸುವಾಗ ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು. ಸಂಬಂಧದಲ್ಲಿ ಮದುವೆಯಾದವರಿಗೆ ಹಾಗೆ ಎಳೆಯುವುದಂತೆ. “ಮನೆಯಲ್ಲಿ ಹಸುಗೂಸು ಯಾವುದಾದರೂ ತೀರಿಕೊಂಡಿದೆಯೇ?” ಎಂದು ಕೇಳಿದರು. ಇಬ್ಬರೂ ಇಲ್ಲ ಎಂದೆವು.

ಊರಿಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ನನ್ನ ಅಪ್ಪನ ಅಕ್ಕ, ನನ್ನನ್ನು ಎತ್ತಿ ಆಡಿಸಿದವರು. ಆ ರಾತ್ರಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ನೂಕುತ್ತ, ನನ್ನ ಮುಖ ನೋಡದೆ ಹೇಳಿದರು. ನನ್ನ ಗಂಡ ಹುಟ್ಟುವ ಮೊದಲು ಅವರಿಗೆ ಒಂದು ಗಂಡುಮಗು ಆಗಿತ್ತಂತೆ. “ಮೊಲೆ ಕಚ್ಚಿದರೆ ಹಣೆಯೆಲ್ಲ ಬೆವರುತ್ತಿತ್ತು. ಎರಡು ಗುಟುಕು ಕುಡಿದು ಬಿಡುತ್ತಿತ್ತು, ಏದುಸಿರು. ಮೂರು ತಿಂಗಳಿಗೆ ಹೋಯಿತು. ಮಳೆ ಕಳೆಯಲಿ ಎಂದು ಹೆಸರನ್ನೂ ಇಟ್ಟಿರಲಿಲ್ಲ.” ನನ್ನ ಗಂಡನಿಗೆ ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅತ್ತೆ ಕೊನೆಗೆ ಹೇಳಿದ್ದು: “ಅದನ್ನು ಕಾಗದಕ್ಕೆ ತರಬೇಡ. ನಿನ್ನ ಅಪ್ಪನದೂ ನನ್ನದೂ ಒಂದೇ ರಕ್ತ. ತಪ್ಪೆಲ್ಲ ನನ್ನಿಂದ ಬಂತು ಎಂದಾಗುತ್ತದೆ.”

ಬರೆಸಬೇಕೇ, ಬೇಡವೇ? ರಕ್ತ ಕೊಡಬೇಕೇ? ಮುಂದಿನ ವಾರ ಹೋಗಬೇಕು. ಇನ್ನೊಂದು ಮಾತು: ನಾನು ಎರಡನೇ ತಿಂಗಳಲ್ಲಿ, ಬಸಿರು ಎಂದು ಗೊತ್ತಾಗುವ ಮೊದಲು, ಅಂಗಳದಲ್ಲಿ ಅಡಿಕೆ ಮೂಟೆ ಎತ್ತಿದ್ದೆ. ಅದರಿಂದ ಆಗಿರಬಹುದೇ?

ತೀರ್ಥಹಳ್ಳಿಯ ಅಪ್ಪ

ನನ್ನ ಮಗನ ಹೃದಯದ ರಂಧ್ರಕ್ಕೆ ಚಿಕಿತ್ಸೆ ಆಗುವಾಗ ನಾವೂ ಇಂಥದೇ ಅಧ್ಯಯನಕ್ಕೆ ರಕ್ತ ಕೊಟ್ಟಿದ್ದೆವು. ನಾಲ್ಕು ವರ್ಷವಾಯಿತು. ಏನು ಕಂಡಿತು, ಏನು ಕಾಣಲಿಲ್ಲ, ಒಂದು ಫೋನ್ ಇಲ್ಲ, ಒಂದು ಕಾಗದವಿಲ್ಲ. ನಾನೇ ಎರಡು ಸಲ ಫೋನ್ ಮಾಡಿದೆ. ಬರೆದುಕೊಂಡ ಹುಡುಗಿ ಕೆಲಸ ಬಿಟ್ಟು ಹೋಗಿದ್ದಾರೆ ಎಂದರು. ನಮ್ಮ ರಕ್ತ ಬೇಕಾದಾಗ ಎದುರು ಕುಳಿತು ಮಾತನಾಡುತ್ತಾರೆ, ಆಮೇಲೆ ನಾವು ಒಂದು ನಂಬರು. ಹಾಗಾಗಿ ನನ್ನ ಅಭಿಪ್ರಾಯ: ಕೊಡಬೇಡಿ. ನಿಮ್ಮ ಅತ್ತೆಯ ಮನಸ್ಸನ್ನೂ ನೋಯಿಸಬೇಡಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಮಗು ಹುಟ್ಟಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಗಮನಕ್ಕೆ ತನ್ನಿ. ಹುಟ್ಟಿನಿಂದ ಬಂದ ಹೃದಯದ ಕಾಯಿಲೆ ಅವರ ಪಟ್ಟಿಯಲ್ಲಿದೆ. ರೇಷನ್ ಕಾರ್ಡು, ಆಧಾರ್, ತಾಯಿ ಕಾರ್ಡು ಮೂರರದೂ ನಾಲ್ಕು ನಾಲ್ಕು ನಕಲು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಜೋರು ಮಳೆಯಲ್ಲಿ ಕರೆಂಟ್ ಇಲ್ಲದೆ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ತೀರ್ಥಹಳ್ಳಿಯೆಲ್ಲ ಅಲೆದವನು ನಾನು.

ಸಾಗರದ ಟೀಚರ್

ತಂಗಿ, ನಿನ್ನ ಬರಹ ಓದಿ ಕೈಗೆ ಕೆಲಸ ಹತ್ತಲಿಲ್ಲ. ನನ್ನ ಮಗಳದೂ ಇದೇ ಕಾಯಿಲೆ.

ಅವಳು ಹುಟ್ಟಿದ್ದು 2009ರಲ್ಲಿ. ನನ್ನ ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹೃದಯ ಎಂಬಲ್ಲಿ ಒಂದೇ ಸಾಲು: ನಾಲ್ಕು ಕೋಣೆಗಳು ಕಂಡಿವೆ. ಅದು ಸುಳ್ಳೇನಲ್ಲ, ಕಂಡೇ ಇದ್ದವು. ಈ ಕಾಯಿಲೆ ಅವಿತುಕೊಳ್ಳುವುದೇ ಅಲ್ಲಿ. ನಾಲ್ಕು ಕೋಣೆಗಳ ಚಿತ್ರದಲ್ಲಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಎರಡು ದೊಡ್ಡ ರಕ್ತನಾಳಗಳು ಹೊರಡುವ ಜಾಗವನ್ನು ಹುಡುಕಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ನಿನ್ನ ಡಾಕ್ಟರು ನಿನ್ನನ್ನು ಓಡಾಡಿಸಿ, ಮತ್ತೆ ಮಲಗಿಸಿ ಹುಡುಕಿದ್ದು ಅದನ್ನು. ಅವರಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ.

ನಮಗೆ ಗೊತ್ತಾದದ್ದು ಬಚ್ಚಲಲ್ಲಿ. ಎರಡು ತಿಂಗಳ ಕೂಸು. ನನ್ನ ಅಮ್ಮ ಕಾಲು ನೀಡಿ ಕುಳಿತು, ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆನೀರು ಹಾಕುತ್ತಿದ್ದರು. ಬಿಸಿನೀರು ಬಿದ್ದಾಗ ಎಲ್ಲ ಮಕ್ಕಳೂ ಅಳುತ್ತವೆ, ಅತ್ತು ಕೆಂಪಾಗುತ್ತವೆ. ಇವಳು ಅತ್ತು ನೀಲಿಯಾದಳು. ಮೊದಲು ತುಟಿ, ಆಮೇಲೆ ಉಗುರು, ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣ. ತೋರಿಸಿದ ಕಡೆ ಶೀತ ಎಂದರು, ಹನಿ ಹಾಕಲು ಔಷಧ ಕೊಟ್ಟರು. ಐದು ವಾರ ಹೀಗೆಯೇ ಕಳೆದುಹೋಯಿತು. ಆ ಐದು ವಾರ ನೆನೆದರೆ ಈಗಲೂ ಹೊಟ್ಟೆಯೊಳಗೆ ಕಲ್ಲು ಹೊರಳಿದ ಹಾಗಾಗುತ್ತದೆ. ಕೊನೆಗೆ ಒಬ್ಬ ಮಕ್ಕಳ ವೈದ್ಯರು ಸ್ಟೆತೋಸ್ಕೋಪ್ ಇಟ್ಟು, ಎತ್ತದೆ, ಬಹಳ ಹೊತ್ತು ಕೇಳಿಸಿಕೊಂಡರು. ಅವತ್ತೇ ಅವರು ಒಂದು ಪಾಠ ಹೇಳಿಕೊಟ್ಟರು: ಮಗು ನೀಲಿಗಟ್ಟಿದರೆ ಗಾಬರಿಯಾಗಿ ಎತ್ತಿ ಕುಲುಕಬೇಡಿ, ಎರಡೂ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯಿರಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಹಾಗೆ ಒತ್ತಿದಾಗ ಕಾಲಿನ ಕಡೆಗೆ ರಕ್ತ ಹರಿಯುವುದು ಕಷ್ಟವಾಗಿ ಶ್ವಾಸಕೋಶದ ದಾರಿಗೆ ಹೆಚ್ಚು ರಕ್ತ ತಿರುಗುತ್ತದೆ. ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ, ಆನಂದಪುರ ದಾಟಿದ ಮೇಲೆ, ಅವಳನ್ನು ಹಾಗೆ ಮಡಿಸಿ ಹಿಡಿದುಕೊಂಡು ತುಟಿಯನ್ನೇ ನೋಡುತ್ತ ಕುಳಿತಿದ್ದೆ. ನೀಲಿ ಮೆಲ್ಲಗೆ ಇಳಿಯಿತು. ನೀನೂ ಕಲಿತುಕೋ, ನಿನ್ನ ಅತ್ತೆಗೂ ಕಲಿಸು.

ಅವಳ ಹದಿಮೂರನೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಪಿಯುಸಿ ಮುಗಿಸಿದ್ದಾಳೆ, ಇಕ್ಕೇರಿಗೆ ಸೈಕಲ್ ತುಳಿದುಕೊಂಡು ಹೋಗಿ ಬರುತ್ತಾಳೆ. ವರ್ಷಕ್ಕೊಮ್ಮೆ ಎಕೋ ತಪ್ಪಿಸುವಂತಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅಗಲ ಮಾಡಿದ, ಶ್ವಾಸಕೋಶದ ದಾರಿಯ ಕವಾಟ ಸೋರುತ್ತದೆ, ಮುಂದೆ ಎಂದಾದರೂ ಅದನ್ನು ಬದಲಿಸಬೇಕಾಗಬಹುದು. ಒಂದು ಸಲ ಕೊಯ್ದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡ.

ಈಗ ನಿನ್ನ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಈ ಕಾಯಿಲೆಗೆ ಮೊದಲು ಯಾರ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿದರು ಎಂದು ತಿಳಿಯಬೇಕೆನಿಸಿ ಹುಡುಕಿ ಓದಿದೆ. 1944ರ ನವೆಂಬರ್ 29ರಂದು, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, 15 ತಿಂಗಳ ಒಂದು ಹೆಣ್ಣುಮಗುವಿಗೆ. ನೀಲಿ ಮಕ್ಕಳನ್ನು ನೋಡುತ್ತಿದ್ದ ಹೆಲೆನ್ ಟೌಸಿಗ್ ಎಂಬ ವೈದ್ಯೆಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದೆಯ ಮೇಲೆ ಅಂಗೈಯಿಟ್ಟು ಹೃದಯದ ಬಡಿತವನ್ನು ತಿಳಿಯುತ್ತಿದ್ದರು. ಹುಟ್ಟಿದಾಗ ತೆರೆದಿರುವ ಒಂದು ಸಣ್ಣ ನಾಳ ಮುಚ್ಚಿಕೊಂಡ ಮೇಲೆ ಈ ಮಕ್ಕಳು ಇನ್ನಷ್ಟು ನೀಲಿಯಾಗುವುದನ್ನು ಗಮನಿಸಿದವರು ಅವರು. ಅಂಥ ನಾಳವನ್ನು ನಾವೇ ಕಟ್ಟಿಕೊಡಬಾರದೇ ಎಂದು ಕೇಳಿದರು. ಶಸ್ತ್ರಚಿಕಿತ್ಸೆ ಮಾಡಿದವರು ಆಲ್‌ಫ್ರೆಡ್ ಬ್ಲಾಲಾಕ್. ಅವರ ಹಿಂದೆ ನಿಂತು ಹೊಲಿಗೆ ಹೊಲಿಗೆಗೂ ದಾರಿ ಹೇಳಿದವರು ವಿವಿಯನ್ ಥಾಮಸ್, ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಈ ಕೆಲಸವನ್ನು ಮಾಡಿ ಮಾಡಿ ಕೈ ಪಳಗಿಸಿಕೊಂಡವರು. ಅವರು ಕಪ್ಪು ಜನಾಂಗದವರು, ಕಾಲೇಜು ಓದಿರಲಿಲ್ಲ. ಆ ಮಗು ಶಸ್ತ್ರಚಿಕಿತ್ಸೆಯಲ್ಲಿ ಉಳಿಯಿತು, ಕೆಲವು ತಿಂಗಳ ಮೇಲೆ ತೀರಿಕೊಂಡಿತು.

ಇನ್ನೊಂದು, 1954ರ ಮಾರ್ಚ್‌ನಲ್ಲಿ. ಮಿನ್ನೆಸೋಟದಲ್ಲಿ ವಾಲ್ಟನ್ ಲಿಲೆಹೈ ಎಂಬ ಶಸ್ತ್ರವೈದ್ಯರು ಒಂದು ವರ್ಷದ ಗಂಡುಮಗುವಿನ ಹೃದಯ ತೆರೆದು ರಂಧ್ರ ಮುಚ್ಚಿದರು. ಅಷ್ಟು ಹೊತ್ತು ಮಗುವಿನ ರಕ್ತವನ್ನು ಶುದ್ಧ ಮಾಡಿದ್ದು ಯಂತ್ರವಲ್ಲ. ಪಕ್ಕದ ಮೇಜಿನ ಮೇಲೆ ಅಪ್ಪನನ್ನು ಮಲಗಿಸಿ, ನಳಿಗೆಯಿಂದ ಇಬ್ಬರ ರಕ್ತ ಸಂಚಾರವನ್ನೂ ಜೋಡಿಸಿದ್ದರು. ಮಗನ ರಕ್ತ ಅಪ್ಪನ ಮೈಯೊಳಗೆ ಹೋಗಿ ಬರುತ್ತಿತ್ತು. ಆ ಮಗುವೂ 11 ದಿನಗಳ ನಂತರ ತೀರಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ವಿಧಾನದಿಂದ ನಮ್ಮ ಮಕ್ಕಳ ಈ ಕಾಯಿಲೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಸರಿಪಡಿಸಿದರು.

ಆ ಅಪ್ಪ ಮೇಜಿನಿಂದ ಎದ್ದು ಬರಿಗೈಯಲ್ಲಿ ಮನೆಗೆ ಹೋದವನು. ನನ್ನ ಮಗಳ ಎದೆಯ ಮೇಲಿನ ಗುರುತನ್ನು ನೋಡಿದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ತೀರ್ಥಹಳ್ಳಿಯ ಅಣ್ಣ, ನಿಮ್ಮ ನೋವು ನ್ಯಾಯವಾದದ್ದು. ಫಲಿತಾಂಶವಿಲ್ಲ ಎಂಬುದನ್ನಾದರೂ ಅವರು ಹೇಳಬೇಕಿತ್ತು, ಹೇಳದಿದ್ದದ್ದು ತಪ್ಪು. ಆದರೂ ನಾನು ತಂಗಿಗೆ ಕೊಡು ಎಂದೇ ಹೇಳುತ್ತೇನೆ.

ಅತ್ತೆಯ ಮಗುವಿನ ವಿಷಯಕ್ಕೆ ಬಂದರೆ, ಬರೆಸುವುದು ಒಳ್ಳೆಯದು. ಒಂದು ಮನೆತನದಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ನೋಡುವ ಅಧ್ಯಯನದಲ್ಲಿ ಒಂದು ಕೂಸನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಆದರೆ ಅದು ಅವರ ಮಗು, ನಿನ್ನದಲ್ಲ. ಅವರಿಗೆ ತಿಳಿಯದ ಹಾಗೆ ಬರೆಸಿ ಬರಬೇಡ. ಅವರನ್ನೇ ಕರೆದುಕೊಂಡು ಹೋಗು. ಮೂವತ್ತು ವರ್ಷ ಒಬ್ಬರೇ ಹೊತ್ತದ್ದನ್ನು ಅವರು ನಿನ್ನ ಎದುರು ಇಳಿಸಿದ್ದಾರೆ. ‘ಬರೆಯಬೇಡ’ ಎಂಬ ಮಾತಿನಲ್ಲಿ ನನಗೆ ಕೇಳಿಸಿದ್ದು ಹೆದರಿಕೆ.

ಮಕ್ಕಳ ವೈದ್ಯ, ಶಿವಮೊಗ್ಗ

ಮೂಟೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ನಿಮ್ಮ ನಿದ್ದೆಗೆಡಿಸಿರುವುದು ಅದೇ ಇರಬೇಕು. ಅಲ್ಲ, ಅದರಿಂದ ಆಗಿಲ್ಲ. ಗರ್ಭ ಕಟ್ಟಿದ ಮೇಲೆ ಮೂರನೇ ವಾರದ ಕೊನೆಯ ಹೊತ್ತಿಗೆ ಭ್ರೂಣದ ಹೃದಯ ಒಂದು ನಳಿಗೆಯ ರೂಪದಲ್ಲಿ ಬಡಿಯಲು ತೊಡಗಿ, ಎಂಟನೇ ವಾರದ ಹೊತ್ತಿಗೆ ಬಾಗಿ, ಗೋಡೆ ಕಟ್ಟಿಕೊಂಡು ನಾಲ್ಕು ಕೋಣೆಯಾಗಿರುತ್ತದೆ. ತಾಯಿ ಭಾರ ಎತ್ತಿದ್ದರಿಂದ ಆ ಗೋಡೆ ತಪ್ಪುವುದಿಲ್ಲ. ಬಸಿರಿಗೆ ಮೊದಲೇ ಇದ್ದ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಸೋಂಕು, ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. ಬಹಳಷ್ಟು ಮಕ್ಕಳಲ್ಲಿ ಇಂಥದೇ ಎಂಬ ಒಂದು ಕಾರಣ ಸಿಗುವುದಿಲ್ಲ. ಇಂಥ ಅಧ್ಯಯನಗಳು ನಡೆಯುವುದೂ ಅದಕ್ಕಾಗಿಯೇ.

ಆ ಎರಡು ಗೆರೆಗಳ ಬಗ್ಗೆ. ಸೋದರತ್ತೆಯ ಮಗನನ್ನು ಮದುವೆಯಾದಾಗ ಇಬ್ಬರ ವಂಶವಾಹಿಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಒಂದೇ ಅಜ್ಜ ಅಜ್ಜಿಯಿಂದ ಬಂದಿರುತ್ತದೆ. ಅದರಲ್ಲಿ ದೋಷವಿರುವ ಒಂದು ವಂಶವಾಹಿ ಅಡಗಿದ್ದರೆ, ಅದು ಎರಡೂ ಕಡೆಯಿಂದ ಮಗುವಿಗೆ ಸೇರುವ ಸಂಭವ ಹೆಚ್ಚು. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದಕ್ಷಿಣ ಭಾರತದಲ್ಲಿ ರಕ್ತಸಂಬಂಧದ ಮದುವೆಗೂ ಹುಟ್ಟಿನಿಂದ ಬರುವ ಹೃದಯದ ತೊಂದರೆಗೂ ನಂಟಿದೆ ಎಂದು ತೋರಿಸಿದೆ. ಆದರೆ ಸಂಬಂಧವೇ ಇಲ್ಲದ ದಂಪತಿಗೆ ಹುಟ್ಟುವ ಮಕ್ಕಳಲ್ಲೂ ಸುಮಾರು ನೂರಕ್ಕೆ ಒಂದಕ್ಕೆ ಹೃದಯದ ತೊಂದರೆ ಇರುತ್ತದೆ. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಯ ಮಕ್ಕಳ ಹೃದಯ ಸರಿಯಾಗಿಯೇ ಇರುತ್ತದೆ. ನಿಮ್ಮ ಅತ್ತೆಯ ಮಾತಿಗೆ ಉತ್ತರ ಇದು: ಆ ವಂಶವಾಹಿ ಇದ್ದರೂ ಅದನ್ನು ಅವರು ಆರಿಸಿಕೊಂಡು ಕೊಟ್ಟದ್ದಲ್ಲ, ಅವರಿಗೂ ಯಾರಿಂದಲೋ ಬಂದದ್ದು.

ಹಾಲು ಕುಡಿಯುವಾಗ ಹಣೆ ಬೆವರುವುದು, ಏದುಸಿರು, ಎರಡು ಗುಟುಕಿಗೆ ಸುಸ್ತು: ಇವು ಹೃದಯ ಸೋಲುತ್ತಿರುವ ಕೂಸಿನ ಲಕ್ಷಣಗಳು. ದೊಡ್ಡ ರಂಧ್ರವಿದ್ದರೆ ಹೀಗಾಗುತ್ತದೆ. ಎಕೋ ಇಲ್ಲದೆ ಖಚಿತವಾಗಿ ಹೇಳಲು ಬರುವುದಿಲ್ಲ. ಒಂದೇ ಮನೆತನದಲ್ಲಿ ಬೇರೆ ಬೇರೆ ಬಗೆಯ ಹೃದಯದ ದೋಷ ಬರುವುದುಂಟು, ಆದ್ದರಿಂದ ಈ ವಿವರಕ್ಕೆ ಬೆಲೆಯಿದೆ. ಸಂಶೋಧನೆಯವರಿಗೆ ಹೇಳುವುದನ್ನು ಆಮೇಲೆ ತೀರ್ಮಾನಿಸಿ, ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ಮಾತ್ರ ಈಗಲೇ ಹೇಳಿ.

ಇಲ್ಲೊಂದು ಗೊಂದಲವಾಗುತ್ತದೆ, ತೀರ್ಥಹಳ್ಳಿಯವರಿಗೂ ಅದೇ ಆಗಿರಬಹುದು. ರೋಗ ಪತ್ತೆಗೆ ಮಾಡುವ ಪರೀಕ್ಷೆ ಬೇರೆ, ಸಂಶೋಧನೆಗೆ ಕೊಡುವ ರಕ್ತ ಬೇರೆ. ಫ್ಯಾಲೋ ಇರುವ ಮಕ್ಕಳಲ್ಲಿ ಹತ್ತಕ್ಕೆ ಒಂದಕ್ಕಿಂತ ತುಸು ಹೆಚ್ಚು ಮಕ್ಕಳಿಗೆ 22ನೇ ವರ್ಣತಂತುವಿನ ಒಂದು ಚಿಕ್ಕ ತುಣುಕು ಇರುವುದಿಲ್ಲ. ಅಂಥ ಮಗುವಿಗೆ ಕ್ಯಾಲ್ಸಿಯಂ ಕುಸಿಯಬಹುದು, ರೋಗನಿರೋಧಕ ಶಕ್ತಿ ಕಡಿಮೆಯಿರಬಹುದು, ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿದಿರಬೇಕು. ಈ ಪರೀಕ್ಷೆಯನ್ನು ನಿಮ್ಮ ಮಗುವಿಗಾಗಿ, ವರದಿ ನಿಮ್ಮ ಕೈಗೆ ಬರುವಂತೆ, ಪ್ರತ್ಯೇಕವಾಗಿ ಕೇಳಿ. ಸಂಶೋಧನೆಯ ರಕ್ತದಿಂದ ನಿಮಗೆ ಉತ್ತರ ಬರಲೇಬೇಕೆಂದಿಲ್ಲ. ಬರುತ್ತದೆಯೇ, ಯಾರು ಹೇಳುತ್ತಾರೆ, ಎಂಬುದು ಒಪ್ಪಿಗೆ ಪತ್ರದಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸಹಿಗೆ ಮೊದಲು ಕೇಳಿ. 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಂತೆ ನೀವು ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದರಿಂದ ಚಿಕಿತ್ಸೆಗೆ ತೊಂದರೆಯಾಗಬಾರದು. ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು, ಅದರಲ್ಲಿ ನೈತಿಕ ಸಮಿತಿಯ ಸಂಪರ್ಕವಿರಬೇಕು. ಕೆಲಸ ಬಿಟ್ಟು ಹೋದ ಹುಡುಗಿಯ ಬದಲು ತೀರ್ಥಹಳ್ಳಿಯವರು ಆ ಸಮಿತಿಗೇ ಬರೆಯಲಿ.

ಕೊನೆಯದಾಗಿ, ಪುನರ್ವಸು ಮಳೆಯಲ್ಲಿ ನಗರದಿಂದ ಹೊರಡುವ ಯೋಚನೆ ಬೇಡ. ಮರ ಬಿದ್ದು ರಸ್ತೆ ಮುಚ್ಚಿದರೆ ನಿಮ್ಮ ಕಡೆ ಏನಾಗುತ್ತದೆಂದು ನಿಮಗೇ ಗೊತ್ತು. ಮತ್ತೊಮ್ಮೆ ಎಕೋ ಮಾಡಿದಾಗ ಶ್ವಾಸಕೋಶದ ನಾಳ ಎಷ್ಟು ಬೆಳೆದಿದೆ ಎಂದು ಕಾಣುತ್ತದೆ. ತೀರಾ ಕಿರಿದಾಗಿದ್ದರೆ, ಹುಟ್ಟಿದ ಕೂಡಲೇ, ಟೀಚರ್ ಹೇಳಿದ ಆ ಸಣ್ಣ ನಾಳವನ್ನು ತೆರೆದಿಡಲು ಪ್ರೊಸ್ಟಾಗ್ಲ್ಯಾಂಡಿನ್ ಎಂಬ ಔಷಧ ಕೊಡಬೇಕಾಗುತ್ತದೆ. ಹೆರಿಗೆ ಎಲ್ಲಿ ಎಂಬುದನ್ನು ಅದರ ಮೇಲೆ ತೀರ್ಮಾನಿಸಿ, ಮುಂಗಾರು ಹಿಡಿಯುವ ಮೊದಲೇ ಆ ಊರಿಗೆ ಬಂದುಬಿಡಿ.

ನಗರದ ಕಡೆಯವಳು

ಬರೆದ ಎಲ್ಲರಿಗೂ ಋಣಿ. ಟೀಚರ್ ಅಕ್ಕ, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಅಪ್ಪ ಮಗನ ಪಕ್ಕದಲ್ಲಿ ಮಲಗಿದ್ದ ಭಾಗವನ್ನು ಇನ್ನೊಂದು ಸಲ ಓದು ಎಂದರು. ಮಾರನೆಯ ಬೆಳಿಗ್ಗೆ, ನಾನು ಕೇಳುವ ಮೊದಲೇ, “ನಾನೂ ಬರುತ್ತೇನೆ” ಎಂದರು.

ನಿನ್ನೆ ಹೋಗಿ ಬಂದೆವು. 22ನೇ ವರ್ಣತಂತುವಿನ ಪರೀಕ್ಷೆಯ ಬಗ್ಗೆ ಕೇಳಿದೆ, ಮಾಡಿಸುತ್ತಿದ್ದಾರೆ. ಫಲಿತಾಂಶವನ್ನು ಯಾರು ತಿಳಿಸುತ್ತಾರೆ ಎಂದೂ ಕೇಳಿದೆ. ಹೆಸರನ್ನೂ ಫೋನ್ ನಂಬರನ್ನೂ ಪತ್ರದ ಮೇಲೆಯೇ ಬರೆಸಿಕೊಂಡೆ. ನಾವಿಬ್ಬರೂ ರಕ್ತ ಕೊಟ್ಟೆವು.

ಆಮೇಲೆ ಅತ್ತೆ ಆ ಮಗುವಿನ ವಿಷಯವನ್ನು ತಾವೇ ಹೇಳಿದರು. ಬರೆದುಕೊಳ್ಳುತ್ತಿದ್ದವರು ನನ್ನ ಗಂಡನ ಚೌಕದ ಬಲಕ್ಕೆ ಒಂದು ಸಣ್ಣ ಚೌಕ ಬರೆದು ಓರೆಗೆರೆ ಎಳೆಯಲು ಹೊರಟಿದ್ದರು. ಅತ್ತೆ ಕಾಗದದ ಮೇಲೆ ಬೆರಳಿಟ್ಟು ತಡೆದರು. “ಅಲ್ಲಲ್ಲ, ಈ ಕಡೆ ಬರೆಯಿರಿ. ಅವನು ದೊಡ್ಡವನು.” ಅವರು ಅದನ್ನು ಹೊಡೆದುಹಾಕಿ ಎಡಕ್ಕೆ ಬರೆದರು. ತಾನೇ ಹಿರಿಯ ಮಗ ಎಂದುಕೊಂಡು ಬೆಳೆದ ನನ್ನ ಗಂಡ ಆ ಚೌಕವನ್ನೇ ನೋಡುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಅಮ್ಮನ ಪಕ್ಕದಲ್ಲಿ ಅವರೇ ಕುಳಿತರು.

ಮುಂದಿನ ಎಕೋ 28ನೇ ವಾರಕ್ಕೆ. ಆದ ಮೇಲೆ ಬಂದು ಬರೆಯುತ್ತೇನೆ.